ಕನ್ನಡದ ಹುಡುಗಿ, ಅದಕ್ಕ ಸುಮ್ಮನ ಕುಂದರತಾಳ

ಜುಲೈ ೮

ಇವತ್ತೂ ಪಿ.ಟಿ. ಸರ್ ಲೇಝೀಮ ತಗೊಂಡು ಹೋಗಾಕ ಬಂದ್ರು. ಬಾಗಲಕ್ಕ 'ಕೌನ್ಸೆಲಿಂಗ್ ರೂಮ್' ಅಂತ ಬೋರ್ಡ್ ಹಚ್ಯಾರ, ಒಳಗ ಅರ್ಧ ಆಟದ ಸಾಮಾನು. ಎದುರಿಗೆ ಒಬ್ಬಾಕಿ ತಾಯಿ ಕುಂತು ಕಣ್ಣೀರ ಒರಸಿಕೊಳ್ಳಾಕತ್ತಿದ್ಲು, ಇವರು ಝಣ್ ಝಣ್ ಅಂತ ಲೇಝೀಮ ಎಣಿಸಾಕತ್ತಿದ್ರು. ಏನ್ ಅನ್ನೂದು. ಮಕ್ಕಳು ನನಗ 'ಖೇಳಾಚ್ಯಾ ಬಾಯಿ' ಅಂತಾರ — ಆಟದ ಟೀಚರ್. ಓದಿದ್ದು ಸೈಕಾಲಜಿ.

ಒಂದನೇತ್ತಾ ಕ್ಲಾಸಿನ ಕಿಶೋರ ಸರ್ ಒಂದು ಹುಡುಗೀನ ಕೈ ಹಿಡಕೊಂಡು ಬಂದ್ರು. ಧನಶ್ರೀ. ಹೆಸರು ಕರದ್ರ ಓ ಅನ್ನೂದಿಲ್ಲಂತ. ಬಾಜೂದವರದು ನೋಡಿ ಬರೀತಾಳಂತ. ಪ್ರಾರ್ಥನಾ ಟೈಮಿಗೆ ಬರೇ ತುಟಿ ಆಡಸ್ತಾಳಂತ. "ಮತಿಮಂದ ಅಸಾವೀ" ಅಂದ್ರು, ಹುಡುಗಿ ಎದುರಿಗೇ. ಸಿಟ್ಟು ನೆತ್ತಿಗೇರಿತು. ಒಂದು ಕೂಸಿಗೆ ಬುದ್ಧಿಮಂದ ಅನ್ನಾಕ ಇವರಿಗೆ ಮೂರು ವಾರ ಸಾಕು.

ಅವರು ಹೋದ ಮ್ಯಾಲ ಬಾಗಲಾ ಹಾಕಿ ಕುಂತೆ. ಮರಾಠಿಲೆ ಕೇಳಿದೆ, ಸುಮ್ಮನ. "ಯಾವೂರವಾ ನಿಮ್ಮದು?" ಅಂದೆ. ಮಾರಿ ಅರಳಿತು. "ಸಿಂದಗಿ." ಆಮ್ಯಾಲೆ ಏನ್ ಕೇಳಿದ್ರೂ ಉತ್ತರ. ಬ್ಲಾಕ್ ಜೋಡಿಸಿದ್ಲು, ಎಣಿಸಿದ್ಲು, ಚಿತ್ರದಾಗ ತಪ್ಪು ಹುಡುಕಿದ್ಲು. ಪಿಳಿಪಿಳಿ ನನ್ನ ಮಾರೀನೇ ನೋಡಿಕೋತ. ಬುದ್ಧಿ ಚುರುಕ ಐತಿ.

ಕನ್ನಡದ ಹುಡುಗಿ, ಮರಾಠಿ ಸಾಳಿ. ಅಷ್ಟ ಸಂಗತಿ.

ಜುಲೈ ೧೦, ಸಂಜಿ

ಧನಶ್ರೀ ತಾಯಿ ಬಂದಿದ್ಲು. ಶಾಲನ. ಸಾಂಗಲಿ ಮಾರ್ಕೆಟ್ ಯಾರ್ಡಿನ್ಯಾಗ ಅರಿಷಿಣ ಹಸನ ಮಾಡೂ ಕೆಲಸ, ಮೊಣಕೈ ತನಕಾ ಹಳದಿ. ಗಂಡ ಶಿದ್ರಾಮ ಅಲ್ಲೇ ಹಮಾಲಿ ಮಾಡ್ತಾನ. ಖುರ್ಚಿ ಮ್ಯಾಲ ಕುಂದ್ರಿ ಅಂದ್ರ ಕುಂದರಲಿಲ್ಲ — ಖುರ್ಚಿಗೆ ಬಣ್ಣ ಹತ್ತತೈತ್ರಿ ಅಂದ್ಲು.

"ಮನ್ಯಾಗ ಮಾತಾಡ್ತಾಳೇನ್ರಿ?"

"ಅಯ್ಯ, ಬಾಯಿ ಮುಚ್ಚೂದಿಲ್ರಿ."

ಹೇಳಿದೆ: ಹುಡುಗಿ ಶ್ಯಾಣ್ಯಾ ಅದಾಳ, ಭಾಷಾದ್ದು ಅಷ್ಟ ಅಡಚಣಿ. ಮರಾಠಿ ರೂಢಿ ಆಗಬೇಕು. ದೀಪಾವಳಿ ತನಕಾ ನೋಡೂಣು. ಶಾಲನ ನಕ್ಕೋತ ಹೋದ್ಲು. ನನಗೂ ಹಗರ ಆತು.

ಮೋಠ್ಯಾ ಬಾಯಿ — ನಮ್ಮ ಹೆಡ್‌ಮಿಸ್ — ಸ್ಟಾಫ್ ರೂಮಿನ್ಯಾಗ ಎಲ್ಲಾರ ಮುಂದ ಹೊಗಳಿದ್ರು. ನಮ್ಮ ರೂಪಾಲಿ ಬಾಯಿ ಕನ್ನಡ ಉಪಯೋಗಕ್ಕ ಬಂತು ಅಂತ. ಮನಿಗೆ ಬಂದು ಅತ್ತಿಯವರಿಗೆ ಹೇಳಿದೆ. "ಅದರಾಗೇನೈತಿ, ನಿನ್ನ ಗಂಡ, ನಮ್ಮ ಅಜಿತನೂ ಒಂದನೇತ್ತಾದಾಗ ದೀಪಾವಳಿ ತನಕಾ ತುಟಿ ಪಿಟಕ್ ಅಂದಿರಲಿಲ್ಲ" ಅಂದ್ರು. ಈ ಸಾಂಗಲಿ-ಮಿರಜದಾಗ ಯಾವ ಕನ್ನಡದ ಮನಿಗೆ ಹೋದ್ರೂ ಇಂಥಾದ್ದೊಂದು ಕಥಿ ಇರತೈತಿ.

(ಈ ಮನ್ಯಾಗ ಎಲ್ಲಾರೂ ಕನ್ನಡ ಮಾತಾಡ್ತಾರ, ಓದಾಕ ಒಬ್ಬರಿಗೂ ಬರೂದಿಲ್ಲ. ಅದಕ್ಕ ಧೈರ್ಯಾಲೆ ಬರೀತೇನಿ. ನಾ ಕಲಿತ ಅಥಣಿ ಕನ್ನಡ ಸಾಳಿ ಪುಣ್ಯಾ.)

ಜುಲೈ ೨೭

ಹೊಳಿ ಏರೈತಿ. ಸಾಳಿಗೆ ಸೂಟಿ. ಅಜಿತ ಅಂಗಡಿ ಮಾಲು ಮ್ಯಾಲಿನ ಮಾಳಿಗಿಗೆ ಸಾಗಸಾಕತ್ಯಾನ. ನಾ ಚಹಾ ಮಾಡಿ ಮಾಡಿ ಸಾಕಾದೆ.

ಸೆಪ್ಟೆಂಬರ ೨೦

ಗಣಪತಿ ಸೂಟಿ ಮುಗೀತು. ಕಿಶೋರ ಸರ್ ಮತ್ತ ಶುರು ಮಾಡಿದ್ರು. "ನಿಮ್ಮ ಧನಶ್ರೀ ಇದ್ದಲ್ಲೇ ಅದಾಳ." ಈಗ ನನ್ನ ಧನಶ್ರೀ ಆದ್ಲು. ಸಬೂರಿ ಇರಲಿ ಸರ್ ಅಂದೆ. ಐವತ್ತೆರಡು ಮಕ್ಕಳು ನನ್ನ ಹತ್ರ, ಸಬೂರಿ ಎಲ್ಲಿಂದ ತರ್ಲಿ ಅಂದ್ರು. ಅದೂ ಖರೇನ.

ರೂಮಿಗೆ ಕರದು ಕುಂದರಿಸಿದೆ. ಕನ್ನಡದಾಗ ಕೇಳಿದ್ರೂ ಒಂದೊಂದ ಶಬ್ದ. ಜುಲೈದಾಗ ಇದರಕಿಂತ ಹೆಚ್ಚು ಮಾತಾಡ್ತಿದ್ಲು… ಮೂಡ್ ಇರಲಿಕ್ಕಿಲ್ಲ.

ನವೆಂಬರ ೨೦

ದೀಪಾವಳಿ ಆತು. ನನ್ನ ವಾಯದೆ ಮುಗೀತು.

ಮೋಠ್ಯಾ ಬಾಯಿ ಕರದ್ರು. ಟೇಬಲ್ ಮ್ಯಾಲ ಧನಶ್ರೀ ಸಹಾಮಾಹಿ, ಅಂದ್ರ ಅರ್ಧವರ್ಷದ ಪರೀಕ್ಷಾ ಪೇಪರು. ಶುದ್ಧಲೇಖನ — ಸರ್ ಹೇಳಿದ್ದು ಕೇಳಿ ಬರಿಯೂದು — ಪೂರಾ ಖಾಲಿ. ಲೆಕ್ಕ ಮಾತ್ರ ಎಲ್ಲಾ ಬರೋಬರಿ — ಅದನ್ನ ಯಾರೂ ನೋಡಲಿಲ್ಲ, ನಾ ತೋರಿಸಿದೆ. "ಜನವರಿಯಿಂದ ವಿಶೇಷ ಸಾಳಿಗೆ ಕಳಸೂಣು, ನೀವು ಸಹಿ ಮಾಡ್ರಿ" ಅಂದ್ರು. ಮಂದಬುದ್ಧಿ ಮಕ್ಕಳ ಸಾಳಿಗೆ. ಒಮ್ಮೆ ಹೋದ ಮ್ಯಾಲ ಅಲ್ಲಿಂದ ತಿರುಗಿ ಬಂದವರನ್ನ ನಾ ನೋಡಿಲ್ಲ. ಒಂದು ವಾರ ಕೊಡ್ರಿ ಅಂದೆ. ಮಾರಿ ಗಂಟ ಹಾಕಿಕೊಂಡು ಕೊಟ್ರು.

ಸಹಿ ಮಾಡೂದಿಲ್ಲ ನಾನು. ಆದ್ರ ಹೇಳಾಕ ನನ್ನ ಕಡೆ ಬ್ಯಾರೆ ಏನೂ ಇಲ್ಲ.

ನವೆಂಬರ ೨೧, ಮಧ್ಯಾಹ್ನ

ಸಂಜಿ ತನಕಾ ಕಾಯೂದಿಲ್ಲ, ಈಗ್ಲೇ ಬರೀತೇನಿ.

ಊಟದ ಸೂಟ್ಯಾಗ ಧನಶ್ರೀನ ಕರಸಿದ್ದೆ. ಆಡಾಕ ಹೋಗಿ ಹೆರಳು ಬಿಚ್ಚಿ ಬಂದಿದ್ಲು. ಎರಡು ಹೆರಳು, ಕೆಂಪು ರಿಬ್ಬನ್ ಇಲ್ಲಂದ್ರ ಮೋಠ್ಯಾ ಬಾಯಿ ಬಿಡೂದಿಲ್ಲ. ಹಿಂದ ಕುಂತು ಹಾಕಿಕೊಡಾಕ ಹತ್ತಿದೆ. ಹಾಕಿಕೋತ ಕೇಳಿದೆ — ಏನ್ ಉಂಡಿ ಇವತ್ತ? ಸುಮ್ಮನ. ಅವ್ವ ಏನ್ ಕಟ್ಟಿದ್ಲು? ಸುಮ್ಮನ. ಹುಡುಗಿ ಸಿಟ್ಟಾಗೈತಿ ಅಂತ, "ಧನಶ್ರೀ, ನೋಡಿಲ್ಲೆ, ಚಾಕಲೇಟ್ ಐತಿ" ಅಂದೆ. ಯಾವ ಕೂಸು ತಿರುಗಿ ನೋಡೂದಿಲ್ಲ ಹೇಳ್ರಿ. ಕುತಗಿ ಸೈತ ಅಲಗಲಿಲ್ಲ. ಮುಂದ ಗ್ವಾಡಿ ನೋಡಿಕೋತ ಆರಾಮ ಕುಂತಿದ್ಲು.

ಮುಂದ ಬಂದು ಅದನ್ನೇ ಅಂದೆ. ಕೈ ಚಾಚಿದ್ಲು.

ಇಷ್ಟ ದಿನ ನನ್ನ ತುಟಿ ನೋಡಿ ತಿಳಕೊಳ್ಳಾಕತ್ತಿದ್ಲು. ಈ ರೂಮು ಶಾಂತ, ನಾ ಎದುರಿಗೆ, ಭಾಷೆ ಮನೀದು. ಅದಕ್ಕ ಇಲ್ಲಿ ಮಾತಾಡ್ತಿದ್ಲು. ಕ್ಲಾಸಿನ್ಯಾಗ ಕಡೀ ಬೆಂಚು, ಸರ್ ಬೋರ್ಡಿನ ಕಡೆ ಮಾರಿ ಮಾಡಿ ಮಾತಾಡ್ತಾರ.

ಮೊದಲ ಕಿವಿ, ಮೊದಲ ಕಣ್ಣು, ಆಮ್ಯಾಲೆ ಉಳಿದದ್ದು. ಕೋರ್ಸಿನ ಮೊದಲನೇ ದಿನಾನೇ ಕಲಿಸಿದ್ರು. ಎಲ್ಲಾ ಮಕ್ಕಳಿಗೂ ಕಳಸ್ತೇನಿ ತಪಾಸಣಿಗೆ. ಈಕಿಗೆ ಕಳಸಲಿಲ್ಲ. ಯಾಕಂದ್ರ ನನಗ ಉತ್ತರ ಮೊದ್ಲ ಗೊತ್ತಿತ್ತಲ್ಲ.

ನವೆಂಬರ ೨೬

ಮಿರಜದ ದವಾಖಾನಿ. ಶಾಲನ ಅರ್ಧಾ ದಿನದ ಪಗಾರ ಬಿಟ್ಟು ಬಂದಿದ್ಲು. ಕಿವಿ ತಪಾಸಣಿ ಮಾಡೂ ಹುಡುಗಿ ಪ್ರಣಿತಾ ಅಂತ, ಸಣ್ಣ ವಯಸ್ಸು, ಹುಷಾರ. ಎರಡೂ ಕಿವಿ. ಜೋರಾಗಿ ಅಂದ್ರ ಕೇಳತೈತಿ, ಸಾದಾ ಮಾತು ಅರ್ಧಕ್ಕರ್ಧ ಕೇಳೂದಿಲ್ಲ. ಬಹುಶಃ ಹುಟ್ಟಿದಾಗಿಂದ. ಕಿವಿ ಮಷೀನ ಹಚ್ಚಿದ್ರ ಸಾದಾ ಸಾಳ್ಯಾಗೇ ಕಲೀಬಹುದು.

"ಒಂದನೇತ್ತಾ ಶುರು ಆದಾಗ ತಂದಿದ್ರ ಈ ವರ್ಷ ಕೈಯಾಗ ಇರತಿತ್ತು" ಅಂದ್ಲು. ಬೈಬೇಕಂತ ಅನ್ನಲಿಲ್ಲ. ಶಾಲನಗ ಮರಾಠಿ ತಿಳೀಲಿಲ್ಲ. ಏನಂದ್ರು ಅಂತ ನನ್ನ ಕೇಳಿದ್ಲು. ಮಷೀನ ಹಚ್ಚೂಣು ಅಂದ್ರು ಅಂತ ಹೇಳಿದೆ.

ಮೋಠ್ಯಾ ಬಾಯಿ ರಿಪೋರ್ಟ್ ನೋಡಿ ಚಷ್ಮಾ ತಗದ್ರು. ವಿಶೇಷ ಸಾಳಿ ಮಾತು ಬಿಟ್ರು. "ಮಾರ್ಚ್ ತನಕಾ ನೋಡೂಣು. ಮೊದಲನೇ ಬೆಂಚಿಗೆ ಕುಂದರಸ್ರಿ." ಕಿಶೋರ ಸರ್ ತಾವ ಹೋಗಿ ಆಕಿ ದಪ್ತರದ ಚೀಲ ಮುಂದ ತಂದಿಟ್ರು. ನನಗ ಒಂದೆರಡು ಮಾತು ಅಂದಿದ್ರ ಬೇಶ್ ಆಗತಿತ್ತು.

ಡಿಸೆಂಬರ ೧, ಐತವಾರ

ಅವರ ಮನಿಗೆ ಹೋಗಿದ್ದೆ. ಅರಿಷಿಣ ಗಿರಣಿ ಹಿಂದ ತಗಡಿನ ಪತ್ರಾಸ ಖೋಲಿ. ಗಿರಣಿ ನಡದಾಗ ಅಲ್ಲಿ ಯಾರೂ ಸಾದಾ ಮಾತಾಡೂದಿಲ್ಲ, ಎಲ್ಲಾರೂ ಒದರತಾರ. ಅದಕ್ಕ ಮನ್ಯಾಗ ಯಾರಿಗೂ ಗೊತ್ತಾಗಿಲ್ಲ. ಇವತ್ತ ಗಿರಣಿ ಬಂದ್ ಇತ್ತು.

ಶಾಲನ ಚಹಾ ಇಟ್ಲು. ಮಗಳಿಗೆ "ಇಕಡೆ ಯೇ" ಅಂದ್ಲು. ಆಮ್ಯಾಲೆ "ಬಸ್". ಹುಡುಗಿ ಬಂತು, ಕುಂತಿತು. ಅಷ್ಟ. ಗಂಡಾ ಹೆಂಡತಿ ತಮ್ಮೊಳಗ ಕನ್ನಡ, ಮಗಳ ಕಡೆ ತಿರುಗಿದ್ರ ಒಂದೊಂದ ಮರಾಠಿ ಶಬ್ದ. ಯೇ, ಜಾ, ಬಸ್, ಖಾ. ಅದರ ಮುಂದ ಇಬ್ಬರಿಗೂ ಬರೂದಿಲ್ಲ.

"ಯಾಕ್ರಿ, ಆಕಿ ಜೋಡಿ ಮರಾಠಿ ಯಾಕ?" ಅಂದೆ.

ಶಿದ್ರಾಮ ಅಂದ: "ನೀವ ಹೇಳಿದ್ದಿರಲ್ಲರಿ ಬಾಯಿ, ಮರಾಠಿ ರೂಢಿ ಆಗಬೇಕಂತ. ಅವತ್ತಿಂದ ಕೂಸಿನ ಜೋಡಿ ಕನ್ನಡ ಬಂದ್ ಮಾಡೇವ್ರಿ. ಆಕಿ ಕನ್ನಡ ಆಡಿದ್ರ ನಾ ಗದರಸ್ತಿದ್ದೆ. ಈಕಿಗೂ ಹೇಳಿದ್ದೆ, ರಾತ್ರಿ ಕಥಿ ಗಿಥಿ ಹೇಳಬ್ಯಾಡ ಅಂತ." ಹೆಮ್ಮಿಲೆ ಹೇಳಿದ. ಬಾಯಿ ಹೇಳಿದ್ದು ನಾವು ತಪ್ಪದಂಗ ಮಾಡೇವಿ ಅಂತ.

ನಾ ಮನ್ಯಾಗ ಬಿಡ್ರಿ ಅಂದಿರಲಿಲ್ಲ. ಬಿಡಬ್ಯಾಡ್ರಿ ಅಂತನೂ ಅಂದಿರಲಿಲ್ಲ. ಕೇಳೂದ ಕಡಿಮಿ ಇದ್ದ ಕೂಸು, ಅದಕ್ಕ ತಿಳಿಯೂದು ತಾಯಿ ಮಾತು ಒಂದ. ಅದನ್ನೂ ಕಸಗೊಂಡೆ.

ಅಲ್ಲೇ ಹೇಳಬೇಕಿತ್ತು. ಚಹಾ ಕುಡದು, ಆಮ್ಯಾಲೆ ಮಾತಾಡೂಣು ಅಂತ ಎದ್ದು ಬಂದೆ. ಸ್ಕೂಟಿ ಮ್ಯಾಲ ಮಿರಜದ ಮನಿ ತನಕಾ ಅಳಕೋತ ಬಂದೆ. ನಾಚಿಕಿ ಆಗತೈತಿ ನನಗ, ಭಾಳ.

ಡಿಸೆಂಬರ ೪

ಅಜಿತಗ ಹೇಳಿದೆ. "ನೀ ಒಳ್ಳೇದಕ್ಕ ಹೇಳಿದ್ದಿ" ಅಂದ. ಒಳ್ಳೇದಕ್ಕಂತ. ಊಟಾ ಬಿಟ್ಟು ಎದ್ದೆ.

ಡಿಸೆಂಬರ ೧೮

ಮಷೀನ ಬಂತು. ಶಾಲನ, ಶಿದ್ರಾಮ, ಧನಶ್ರೀ, ನಾನು — ಪ್ರಣಿತಾನ ಸಣ್ಣ ಖೋಲ್ಯಾಗ. ಇವತ್ತ ಏನೇ ಆಗಲಿ ಹೇಳಬೇಕು ಅಂತ ಹೋಗಿದ್ದೆ.

ಎರಡೂ ಕಿವಿಗೆ ಹಾಕಿದ್ಲು. ಆವಾಜ ಹೆಚ್ಚು ಕಡಿಮಿ ಮಾಡಿದ್ಲು. ಧನಶ್ರೀ ಫ್ಯಾನ್ ಕಡೆ ನೋಡಿದ್ಲು, ಬಾಗಲ ಕಡೆ ನೋಡಿದ್ಲು. ಅಳಲಿಲ್ಲ. ಪ್ರಣಿತಾ ನನಗ ಅಂದ್ಲು — ಮೊದಲ ತಾಯಿ ಮಾತಾಡಲಿ, ಸಾವಕಾಶ, ಒದರೂದು ಬ್ಯಾಡ. ನಾ ಶಾಲನಗ ಹೇಳಿದೆ.

ಶಾಲನ ಮಗಳ ಕಡೆ ನೋಡಿದ್ಲು. ಗಂಡನ ಕಡೆ ನೋಡಿದ್ಲು. ಆಮ್ಯಾಲೆ ನನ್ನ ಕಡೆ.

"ಯಾವ ಮಾತಿನ್ಯಾಗ ಮಾತಾಡ್ಲಿರಿ, ಬಾಯಿ?"

ಹಡದಾಕಿ ನನ್ನ ಕೇಳತಾಳ.

ನಿಮ್ಮ ಮಾತಿನ್ಯಾಗ, ಶಾಲನ. ನಾ ಹೇಳಿದ್ದು ತಪ್ಪಿತ್ತು ಅಂದೆ. ಕಿವಿ ನೋಡದೇ ಭಾಷಾದ್ದು ಅಂತ ಹೇಳಿಬಿಟ್ಟೆ, ನನ್ನ ತಪ್ಪು, ನಿಮ್ಮದಲ್ಲ ಅಂದೆ. ಆಕಿ ಸೆರಗು ಸರಿ ಮಾಡಿಕೊಂಡು ಧನಶ್ರೀ ಮುಂದ ಬಂದು ಕುಂತ್ಲು. ಇಷ್ಟ ತಿಂಗಳ ಮ್ಯಾಲ ಎಲ್ಲಿಂದ ಶುರು ಮಾಡೂದು ಅಂತ ತಿಳೀಲಿಲ್ಲೋ ಏನೋ. ಹುಡುಗಿ ಕಾಯಾಕತ್ತಿತ್ತು. ಆಮ್ಯಾಲೆ ಶಾಲನ, ಭಾಳ ಸಾವಕಾಶ, ಬಿಟ್ಟಿದ್ದ ರಾತ್ರಿ ಕಥೀನ ಕನ್ನಡದಾಗ ಹೇಳಾಕ ಶುರು ಮಾಡಿದ್ಲು.