ಸತ್ಯಭಾಮಾ ಅವರ ಉಪ್ಪು

ಜಯನಗರ, ಬೆಂಗಳೂರು
೧೪-೯-೧೯೬೨

ಮುದ್ದು ಉಮಾ,

ನಿನ್ನ ಮಗುವಿಗೆ ಹಲ್ಲು ಬಂದ ಸುದ್ದಿ ಓದಿ ಸಂತೋಷವಾಯಿತು. ನನ್ನ ಸುದ್ದಿ ಕೇಳಿದರೆ ಮೊದಲು ನಗುತ್ತೀಯೆ, ಆಮೇಲೆ ಬೈಯುತ್ತೀಯೆ. ನನಗೆ ಹೊಟ್ಟೆಕಿಚ್ಚು ಶುರುವಾಗಿದೆ ಕಣೇ.

ನಮ್ಮವರು ಬಣ್ಣದ ಕಾರ್ಖಾನೆಯ ಕೆಲಸ ಮುಗಿಸಿ, ಸಂಜೆ ಬಸವನಗುಡಿಯಲ್ಲಿ ರಸಾಯನಶಾಸ್ತ್ರದ ತರಗತಿಗೆ ಹೋಗುತ್ತಾರೆಂದು ಬರೆದಿದ್ದೆನಲ್ಲ. ನೌಕರಿಯಲ್ಲಿರುವವರಿಗೆ ಮಾತ್ರ ಅದು. ಪಾಸಾದರೆ ಇವರಿಗೆ ಕೆಮಿಸ್ಟ್ ಹುದ್ದೆ. ಅಲ್ಲಿ ಇವರ ಮೇಜಿನಲ್ಲೇ ಸತ್ಯಭಾಮಾ ಎಂಬಾಕೆ, ಯಾವುದೋ ಸಾಬೂನಿನ ಕಾರ್ಖಾನೆಯವಳು. ಊಟಕ್ಕೆ ಕೂತರೆ ಸಾಕು, ಸತ್ಯಭಾಮಾ ಹಾಗೆಂದರು, ಸತ್ಯಭಾಮಾ ಹೀಗೆಂದರು. ತಿಂದ ಪಲ್ಯ ಯಾವುದೆಂದು ಕೇಳಿದರೆ ಹೇಳಲಾರರು.

ಹೋದ ವಾರ, ಇವತ್ತು ಸತ್ಯಭಾಮಾ ಅವರ ಉಪ್ಪು ನನಗೆ ಬಂತು, ನನ್ನದು ಅವರಿಗೆ ಹೋಯ್ತು ಎಂದು ನಗುತ್ತಾ, ಹಸಿವಿಲ್ಲವೆಂದು ಅರ್ಧಕ್ಕೇ ಎದ್ದರು. ಅತ್ತೆಗೆ ಗಾಬರಿ. ಯಾರ ಮನೆ ಉಪ್ಪು ತಿಂದ್ಕೊಂಡು ಬಂದ್ಯೋ ಎಂದರು. ತಿನ್ನೋಕಲ್ಲಮ್ಮ, ಪರೀಕ್ಷೆ ಮಾಡೋಕೆ ಕೊಡ್ತಾರೆ ಎಂದರೆ, ನಿನ್ನ ಪರೀಕ್ಷೆ ಮಾಡೋಕೆ ಅವಳ್ಯಾರೋ ಎಂದು ಅಳಲು ಶುರು. ನೀನಾದ್ರೂ ಹೇಳೇ ವಾರಿಜಾ ಎಂದು ಇವರು ನನ್ನತ್ತ ತಿರುಗಿದರು.

ಆ ಉಪ್ಪು ಏನೆಂದು ನನಗೆ ತಿಳಿಯದೇ ಉಮಾ? ಇಂಟರ್‌ಮೀಡಿಯೇಟಿನಲ್ಲಿ ಹೆಸರಿಲ್ಲದ ಪುಡಿಗಳನ್ನು ಕಾಯಿಸಿ, ಕರಗಿಸಿ, ಇದು ಯಾವ ಉಪ್ಪೆಂದು ಕಂಡುಹಿಡಿದವರು ನಾವು. ಆದರೂ ಸಾರು ಕಲಕುತ್ತಾ, ನನಗೇನು ಗೊತ್ತು ಎಂದುಬಿಟ್ಟೆ. ಅತ್ತೆ ಆಣೆ ಹಾಕಿದರು. ಇವರ ತರಗತಿ ನಿಂತಿತು.

ನಿನ್ನೆ ಆಕೆಯೇ ಮನೆಗೆ ಬಂದಳು, ಇವರು ಯಾಕೆ ಬರುತ್ತಿಲ್ಲವೆಂದು ಕೇಳಲು. ನಾನೆಣಿಸಿದ ಚೆಲುವೆಯಲ್ಲ, ನಮ್ಮ ದೊಡ್ಡಕ್ಕನ ವಯಸ್ಸು. ಕಾಫಿ ಲೋಟ ಹಿಡಿದ ಬೆರಳ ಮೇಲೆ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ, ನಮ್ಮ ಕೈಯಲ್ಲೂ ಇರುತ್ತಿತ್ತಲ್ಲ, ಅದೇ. ಸೆರಗಿನಲ್ಲಿ ಆಸಿಡ್ ಸುಟ್ಟ ತೂತು. ಆ ತೂತು ನೋಡಿ ನನ್ನ ಹೊಟ್ಟೆ ಧಗಧಗ ಉರಿಯಿತು. ಗಂಡನನ್ನು ಕಸಿದುಕೊಂಡಾಳೆಂದಲ್ಲ ಕಣೇ, ನಾನು ನಿಲ್ಲಬೇಕಾದ ಜಾಗದಲ್ಲಿ ನಿಂತಿದ್ದಾಳೆಂದು.

ಅತ್ತೆ ಸುಮ್ಮನಿರಲಿಲ್ಲ. ನಮ್ಮ ಹುಡುಗನಿಗೆ ಉಪ್ಪು ಯಾಕಮ್ಮ ಕೊಟ್ಟೆ ಎಂದು ಕೇಳಿಯೇಬಿಟ್ಟರು. ಆಕೆ ಪಿಳಿಪಿಳಿ ಕಣ್ಣು ಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಅದು ಅಡುಗೆ ಉಪ್ಪಲ್ಲ ಅತ್ತೆ, ಮೈಲುತುತ್ತದಂಥದ್ದು, ಬಾಯಿಗೆ ಹಾಕೋದಲ್ಲ, ನಾನೂ ಓದಿದ್ದೀನಿ ಎಂದೆ. ಮೊದಲೇ ಬಾಯಿ ಬಿಡೋಕೆ ಏನಾಗಿತ್ತೇ ನಿನಗೆ ಎಂದರು ಅತ್ತೆ. ಇವರು ನನ್ನನ್ನೇ ನೋಡುತ್ತಿದ್ದರು. ಸತ್ಯಭಾಮಾ ಮಾತ್ರ, ನೀವೂ ಓದಿದ್ದೀರಾ ಎಂದು ಹತ್ತಿರ ಬಂದು ಕೂತಳು.

ಅತ್ತೆ ಆಣೆ ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಸೋಮವಾರದಿಂದ ಇವರು ಮತ್ತೆ ತರಗತಿಗೆ ಹೋಗುತ್ತಾರೆ. ನನ್ನೊಡನೆ ಇನ್ನೂ ಮಾತಿಲ್ಲ.

ಹೊಟ್ಟೆ ತಣ್ಣಗಾಗದ ನಿನ್ನ,
ವಾರಿಜಾ

ಮತ್ತೆ: ಈ ಕಾಗದ ಅಂಚೆಗೆ ಹಾಕದೆ ತಿಂಗಳು ಕಳೆಯಿತು. ಸತ್ಯಭಾಮಾ ಅವರು ತಮ್ಮ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ನನಗೊಂದು ಕೆಲಸ ಕೊಡಿಸಿದರು. ಈಗ ನಾನೂ ನೌಕರಿಯವಳು, ಸಂಜೆ ತರಗತಿಯವಳು. ಅವರ ಪಕ್ಕ ನಾನೇ ನಿಲ್ಲುವುದು. ನಮ್ಮವರನ್ನು ಮೇಷ್ಟ್ರು ಹಿಂದಿನ ಮೇಜಿಗೆ ಕಳಿಸಿದ್ದಾರೆ. ಬಸ್ಸಿನಲ್ಲಿ ಬರುವಾಗ ಮುಖ ಊದಿಸಿಕೊಂಡು, ನಿಮ್ಮಿಬ್ಬರಿಗೂ ಇವತ್ತು ಯಾವ ಉಪ್ಪು ಬಂತು ಎಂದು ಕೇಳಿದರು. ನಾನು ಹೇಳಲಿಲ್ಲ.