ಮೊದಲೇ ನುಂಗುವ ಮಾತ್ರೆ

ಮಾರ್ಚ್ 4, ಬೆಳಿಗ್ಗೆ 5
ಮಾತ್ರೆ ನುಂಗಿದೆ. ಇನ್ನು ಡಿಪೋಗೆ ಹೋಗಿ ಬಸ್ಸು ತೆಗೆಯಬೇಕು. ಡಾಕ್ಟರಮ್ಮನ ಅಪ್ಪಣೆ — ಫೋಲಿಕ್ ಆಸಿಡ್ ದಿನಾ ಒಂದು, ಗರ್ಭ ನಿಲ್ಲುವ ಮೊದಲೇ ಶುರು. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ವಾರಗಳಲ್ಲೇ ಅಂತೆ. ತಾನು ಬಸುರಿ ಎಂದು ತಾಯಿಗೆ ತಿಳಿಯುವಷ್ಟರಲ್ಲಿ ಆ ಕೆಲಸ ನಡೆದೇ ಹೋಗಿರುತ್ತದೆ. ಜೊತೆಗೆ ಸೊಪ್ಪು, ಕಾಳು.
ಹೋದ ಸಲ ಊರಿಗೆಲ್ಲ ಹೇಳಿ ಕುಣಿದಾಡಿದೆವು. ಎರಡನೇ ತಿಂಗಳಿಗೇ ಕಳೆದುಹೋಯಿತು. ಆಮೇಲೆ ಒಬ್ಬೊಬ್ಬರ 'ಅಯ್ಯೋ ಪಾಪ' ಕೇಳುವುದೇ ದೊಡ್ಡ ಶಿಕ್ಷೆ. ಈ ಸಲ ಗೊತ್ತಿರುವುದು ನನಗೆ, ಇವರಿಗೆ — ಅಷ್ಟೇ. ಅತ್ತೆಗಂತೂ ಬೇಡವೇ ಬೇಡ. ಅವರ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ.

ಮಾರ್ಚ್ 9
ಮುಗಿಯಿತು ಕಥೆ. ಅತ್ತೆ ನನ್ನ ಯೂನಿಫಾರ್ಮ್ ಒಗೆಯಲು ಹೋಗಿ ಜೇಬಿನಲ್ಲಿ ಮಾತ್ರೆ ಕಂಡಿದ್ದಾರೆ. ಮೆಡಿಕಲ್ ಶಾಪಿನವನು ಬಸುರಿಯರಿಗೆ ಕೊಡುವುದು ಎಂದನಂತೆ. ಅಷ್ಟು ಸಾಕಾಯಿತು. ಸಂಜೆ ಮೆಟ್ಟಿಲು ಹತ್ತುವಾಗ ಮಹಡಿಗೊಬ್ಬರು ಕೈಕುಲುಕಿದರು. ಕೆಳಮನೆಯವರು ತೊಟ್ಟಿಲು ಕೊಡುತ್ತಾರಂತೆ. ಮೈಯೆಲ್ಲ ಉರಿದುಹೋಯಿತು.
"ಏನೂ ಇಲ್ಲ ಅತ್ತೆ. ಇದು ಬಸುರಿ ಆಗೋಕ್ಕಿಂತ ಮುಂಚೆನೇ ತಗೊಳ್ಳೋದು. ಮತ್ತೆ ಎಲ್ಲರ ಮುಂದೆ ಅಳೋಕೆ ನನ್ನ ಕೈಲಾಗಲ್ಲ."
ಅತ್ತೆಯ ಮುಖ ಸಣ್ಣದಾಯಿತು. ಪಾಪ ಅನ್ನಿಸಿತು. ಆದರೂ ಕೋಪ ಇಳಿಯಲಿಲ್ಲ.

ಮಾರ್ಚ್ 10
ಅತ್ತೆ ತಾವೇ ಮನೆಮನೆಗೆ ಹೋಗಿ ಸುದ್ದಿ ವಾಪಸ್ ತಗೊಂಡು ಬಂದರು. ಅಷ್ಟಕ್ಕೇ ಸುಮ್ಮನಾದರೆ ಅವರು ನಮ್ಮತ್ತೆಯೇ? ರಾತ್ರಿ ಮಗನಿಂದ ಕೇಳಿ ತಿಳಿದ ಮೊದಲ ವಾರ, ಬೆನ್ನುಹುರಿ, ಸೊಪ್ಪು — ಎಲ್ಲರಿಗೂ ಪಾಠ. ಮೂರನೇ ಮಹಡಿಯ ಹೊಸ ಸೊಸೆ ಸದ್ದಿಲ್ಲದೆ ಮಾತ್ರೆಯ ಹೆಸರು ಕೇಳಿಕೊಂಡಳಂತೆ. ನನ್ನ ಕೋಪ ಎಲ್ಲಿಗೆ ಹೋಯಿತೋ... ನಕ್ಕು ನಕ್ಕು ಸುಸ್ತಾದೆ.

ಮೇ 2
ದಿನಾ ಸೊಪ್ಪು. ಅದನ್ನು ಗಂಟೆಗಟ್ಟಲೆ ಬೇಯಿಸಿ ನೀರು ಬಸಿದು ಚೆಲ್ಲುತ್ತಿದ್ದ ಅತ್ತೆ, ಸತ್ವವೆಲ್ಲ ಮೋರಿಗೆ ಹೋಗುತ್ತದೆ ಎಂದು ಈಗ ನನಗೇ ಬುದ್ಧಿ ಹೇಳುತ್ತಾರೆ. ಸೊಪ್ಪು ತಿಂದೂ ತಿಂದೂ ತಮಗೆ ದನದ ಹಾಗೆ ಕೊಂಬು ಬರುವುದೊಂದು ಬಾಕಿ ಎಂದು ಇವರ ಗೊಣಗಾಟ.

ಜೂನ್ 17, ಬೆಳಿಗ್ಗೆ
ಟೆಸ್ಟ್ ಕಡ್ಡಿಯಲ್ಲಿ ಎರಡು ಗೆರೆ. ಇವರು ಗೋಡೆ ಹಿಡಿದು ಕೂತೇಬಿಟ್ಟರು. ನನಗೆ ಖುಷಿ, ಹೆದರಿಕೆ, ಎರಡೂ. ಹೊರಗೆ ಬಂದರೆ ಎದುರಿಗೇ ಅತ್ತೆ. ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ.
"ಬೇಡ, ಹೇಳಬೇಡ. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ. ಮೂರು ತಿಂಗಳು ಕಳೀಲಿ. ಅಲ್ಲೀವರೆಗೂ ನಂಗೇನೂ ಗೊತ್ತಿಲ್ಲ."
ಹೇಳುತ್ತಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ತುಂಬ ನೀರು. ನನಗೂ ತಡೆಯಲಾಗಲಿಲ್ಲ.
ಈಗ ಬೆಲ್ ಆಯಿತು. ಕೆಳಮನೆಯವರ ದನಿ. ಅತ್ತೆ ಅಂಗೈಯನ್ನು ಬಾಯಿಗೆ ಒತ್ತಿಕೊಂಡು ಬಾಗಿಲು ತೆಗೆಯಲು ಹೊರಟಿದ್ದಾರೆ. ನಾನೂ ಓಡಬೇಕು, ಇಲ್ಲದಿದ್ದರೆ —