ಹರಕು ಚಾಪೆ

ಅಪ್ಪಾ,

ಇವತ್ತು ನಿನ್ನ ಮಣ್ಣಿಗೆಂದು ಟೊಂಗಾಕ್ಕೆ ಬಂದೆ. ಬಾಗಿಲಲ್ಲೇ ನಿನ್ನಕ್ಕ ಲೋಸೆ ಅತ್ತೆ ಸೊಂಟಕ್ಕೆ ಸುತ್ತಲು ಸಣ್ಣ ಹೊಸ ಚಾಪೆ ಕೊಟ್ಟರು. ಸಾವಿನ ಮನೆಯಲ್ಲಿ ಅದು ನೆಂಟರು ಸುತ್ತೋದು.

“ಮಕ್ಕಳು ಸುತ್ತೋ ದೊಡ್ಡ ಹರಕು ಚಾಪೆ ಕೊಡಿ ಅತ್ತೆ,” ಅಂದೆ.

“ಅಮ್ಮನ ಜೊತೆ ಫಿಜಿಗೆ ಹೋದೋಳು ಆರು ವರ್ಷ ಮುಖ ತೋರಿಸ್ಲಿಲ್ಲ. ಈಗ ಮಗಳಾಗ್ಬೇಕಂತೆ,” ಎಂದು ಪಕ್ಕದವರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಯೋಚ್ನೆ ಮಾಡು. ನೆಂಟರವಳಾದ್ರೆ ಒಳಗೋಗಿ ಅವನ ಹಣೆಗೆ ಮುತ್ತು ಕೊಡಬಹುದು. ಮಗಳಾದ್ರೆ ನಮ್ಮ ಪದ್ಧತೀಲಿ ಹೆಣದ ಹತ್ರ ಹೋಗೋ ಹಾಗಿಲ್ಲ, ಹಿತ್ತಲಲ್ಲಿ ಗೆಣಸು ಸುಲೀಬೇಕು,” ಅಂದರು.

ಒಳಗೆ ಶವಪೆಟ್ಟಿಗೆ ಮುಚ್ಚುವವರು ಎದ್ದು ನಿಂತಿದ್ದರು.

ನಾನು ಹರಕು ಚಾಪೆಗೆ ಕೈಚಾಚಿದೆ. ಅತ್ತೆ ಅದನ್ನು ನನ್ನ ಸೊಂಟಕ್ಕೆ ಸುತ್ತಿ, ಉಸಿರು ಕಟ್ಟುವಷ್ಟು ಬಿಗಿಯಾಗಿ ಹಗ್ಗ ಬಿಗಿದರು. ಹಿತ್ತಲಲ್ಲಿ ಹೆಂಗಸರು ಸರಿದು ಜಾಗ ಕೊಟ್ಟರು.

ನಿನ್ನ ಗಡ್ಡ ಪೂರ್ತಿ ಬೆಳ್ಳಗಾಗಿತ್ತಂತೆ. ಪಕ್ಕದಲ್ಲಿ ಗೆಣಸು ಸುಲಿಯುತ್ತಿದ್ದವಳು ಹೇಳಿದಳು.